ಮಾಂಸದ ಮರೆಯ ಪೊರೆ
ಶವಚ್ಛೇದನ ಮಾಡುವವರು ಮಾಂಸಖಂಡಗಳನ್ನು ಕಾಣುವ ಆತುರದಲ್ಲಿ ಬಹುಕಾಲ ಕೆರೆದು ಬಿಸುಡುತ್ತಿದ್ದ ಬೆಳ್ಳನೆಯ ಪೊರೆಯಾದ ಫ್ಯಾಸಿಯಾ, ಚಕ್ಕೋತದ ತೊಳೆಗಳನ್ನು ಅದರ ಒಳಪೊರೆಯು ಬೇರ್ಪಡಿಸಿಯೂ ಕೂಡಿಸಿ ಹಿಡಿದಿರುವಂತೆ, ಅಂಗಾಲಿನಿಂದ ನೆತ್ತಿಯವರೆಗೆ ಸ್ನಾಯು, ನರ, ರಕ್ತನಾಳಗಳನ್ನೆಲ್ಲ ಆವರಿಸಿ, ತನ್ನ ಪದರಗಳ ನಡುವೆ ಹೈಯಲುರೊನಾನ್ ಎಂಬ ಲೋಳೆಯಂತಹ ದ್ರವ್ಯವನ್ನು ಧರಿಸಿ, ಅವು ಒಂದರ ಮೇಲೊಂದು ಜಾರುವಂತೆ ಮಾಡಿ ನಮ್ಮ ಚಲನೆಯನ್ನು ಸುಗಮಗೊಳಿಸುತ್ತದೆ.

1874ರಲ್ಲಿ ಆಸ್ಟಿಯೋಪಥಿ ಎಂಬ ಹಸ್ತಚಿಕಿತ್ಸಾ ಪದ್ಧತಿಯನ್ನು ಸಾರಿದ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಈ ಪೊರೆಗೆ ಕೊಟ್ಟ ಮನ್ನಣೆಯಲ್ಲಿ ಅತಿಶಯೋಕ್ತಿ ಇಲ್ಲದಿಲ್ಲ. ಆದರೂ ಈ ಪೊರೆಯ ಬಿಗಿತಕ್ಕೆಂದು ಮಾಡುವ ಚಿಕಿತ್ಸೆಯಲ್ಲಿ, ತಿಕ್ಕದೆ, ತೀಡದೆ, ಬೆನ್ನಮೇಲೆ ಅಂಗೈಯಿಟ್ಟು, ಅಡಿಯ ಬಿಗಿತ ಸಡಿಲುವತನಕ ಮೆಲ್ಲನೆ ಎಳೆದು ಕಾಯುವ ಹಸ್ತಕೌಶಲವು ನನಗೆ ಬಹುವಾಗಿ ಮೆಚ್ಚುಗೆಯಾದುದು. ಆಗ ಸಡಿಲುವುದಕ್ಕೆ ಪೊರೆಯೇ ಹಿಗ್ಗುವುದು ಕಾರಣವೆಂಬ ಮಾತು ಸಂದೇಹಾಸ್ಪದ, ಅದು ಬಲು ಗಟ್ಟಿ. ಅದರಲ್ಲಿ ಹೇರಳವಾಗಿರುವ ನರಾಗ್ರಗಳು ಸ್ಪರ್ಶವನ್ನರಿತು ಸ್ನಾಯುವಿನ ಬಿಗುವನ್ನು ಇಳಿಸುವುವೆಂಬ ವಿವರಣೆಯೇ ಹೆಚ್ಚು ಸಯುಕ್ತಿಕ.