ಮಗ್ಗಿಯನ್ನು ಬೈದು ಟ್ರಿಕ್ ಕೊಂಡವರು

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಾಗಲಿ ಕಲ್ಯಾಣದಲ್ಲಾಗಲಿ ಸ್ಟೇಷನ್ ಬಿಟ್ಟು ನಾಲ್ಕು ಹೆಜ್ಜೆ ನಡೆದರೆ ಅಬ್ಯಾಕಸ್ ಇಲ್ಲವೇ ‘ವೈದಿಕ ಗಣಿತ’ದ ಕ್ಲಾಸಿನ ಬೋರ್ಡು ಕಣ್ಣಿಗೆ ಬೀಳುತ್ತದೆ. ಇಲ್ಲಿನ ಕನ್ನಡ ಮನೆಗಳಲ್ಲೂ ಈಗ ಅದೇ ಮಾತು: ಮಗ್ಗಿ ಉರು ಹೊಡೆಸುವುದು ಹಳೇ ಕಾಲದ ಹಿಂಸೆ, ಗುಣಾಕಾರ ಹಿಡಿಸಬೇಕಾದರೆ ಆಟ ಬೇಕು, ಟ್ರಿಕ್ ಬೇಕು. ಮೊದಲ ಮಾತು ಅರ್ಧ ನಿಜ. ಎರಡನೆಯದರ ಬಗ್ಗೆ ನನ್ನ ತಕರಾರು.

ಒಂಬತ್ತರ ಬೆರಳಾಟವನ್ನೇ ನೋಡಿ. 9×4 ಎಂದರೆ ಮಗು ನಾಲ್ಕನೆಯ ಬೆರಳು ಮಡಚುತ್ತದೆ. ಎಡಕ್ಕೆ ಮೂರು, ಬಲಕ್ಕೆ ಆರು, ಉತ್ತರ 36. ಚಪ್ಪಾಳೆ! ಯಾಕೆ ಹಾಗೆ ಬಂತು ಮರೀ ಎಂದರೆ ನಮ್ಮ ಮುಖ ನೋಡುತ್ತದೆ. ನಾಲ್ಕು ಹತ್ತುಗಳಿಂದ ನಾಲ್ಕು ಕಳೆದಿದ್ದೇವೆ ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ‘ವೈದಿಕ ಗಣಿತ’ದ ಉಪಾಯದಿಂದ 98×97ಕ್ಕೆ ಥಟ್ಟನೆ 9506 ಎನ್ನುವ ಹುಡುಗನಿಗೆ 48×37 ಕೊಡಿ, ತಡವರಿಸುತ್ತಾನೆ. ಆ ಉಪಾಯ ಸಲೀಸಾಗುವುದು ನೂರರ ಆಸುಪಾಸಿನಲ್ಲಿ ಮಾತ್ರ. ಇದೂ ಬಾಯಿಪಾಠವೇ, ಫೀಸು ಕಟ್ಟಿ ಮಾಡಿದ್ದು. ಮೇಲೆ ವೇದದ ಹೆಸರು ಬೇರೆ! ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರ ‘ವೈದಿಕ ಗಣಿತ’ ಪುಸ್ತಕ ಅಚ್ಚಾದದ್ದು 1965ರಲ್ಲಿ; ಅದರ ಸೂತ್ರಗಳು ನಮಗೆ ಗೊತ್ತಿರುವ ವೇದಗಳಲ್ಲಿ ಸಿಕ್ಕಿಲ್ಲ. ಹಳಬರೇ ಬೇಕೆಂದರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರಿದ್ದಾರಲ್ಲ. ಅವರ ‘ಗಣಿತಸಾರಸಂಗ್ರಹ’ದಲ್ಲಿ 139×109=15151ರಂಥ, ಹಿಂದುಮುಂದಾಗಿ ಓದಿದರೂ ಬದಲಾಗದ ಉತ್ತರಗಳ ಹಾರವೇ ಇದೆ.

ಗುಣಾಕಾರದ ಮೊದಲ ಪಾಠಕ್ಕೆ ಈ ಊರಲ್ಲಿ ಬೇಕರಿಯ ಲಾದಿ ಪಾವ್ ಸಾಕು. ಆರು ಪಾವ್‌ನ ಲಾದಿ: ಎರಡು ಸಾಲು, ಸಾಲಿಗೆ ಮೂರು. ತಟ್ಟೆಯನ್ನು ಅಡ್ಡ ತಿರುಗಿಸಿ. ಮೂರು ಸಾಲು, ಸಾಲಿಗೆ ಎರಡು. ಪಾವ್ ಹೆಚ್ಚಲಿಲ್ಲ, ಕಮ್ಮಿಯಾಗಲಿಲ್ಲ. ಇಷ್ಟು ಕಂಡ ಮಗುವಿಗೆ ಮಗ್ಗಿಯ ಹೊರೆ ಹತ್ತಿರ ಹತ್ತಿರ ಅರ್ಧ ಇಳಿಯುತ್ತದೆ. ತಟ್ಟೆಯನ್ನು ಮೊದಲಿನಂತೆ ತಿರುಗಿಸಿ ಪಕ್ಕಕ್ಕೆ ಇನ್ನೊಂದು ಲಾದಿ ಇಡಿ. ಈಗ ಸಾಲಿಗೆ ಆರು, ಅಂದರೆ 2×6 ಎಂದರೆ 2×3 ಎರಡು ಸಲ. ಮುರಿದರೆ ಮತ್ತೆ ಮೊದಲಿನಂತೆ. ಮುಂದೆ 7×12 ಎದುರಾದಾಗ ಅದನ್ನು 7×10, 7×2 ಎಂದು ಮುರಿಯುವ ಧೈರ್ಯ ಕೈಗೆ ಬರುವುದು ಈ ಪಾವ್ ಮುರಿದ ಅಭ್ಯಾಸದಿಂದ. ಲೋಕಲ್ ಟ್ರೈನೂ ಆಗಬಹುದು: ಹಾರ್ಬರ್ ಲೈನಿನಲ್ಲಿ ಹಿಂದೆ ಓಡುತ್ತಿದ್ದ 9 ಡಬ್ಬಿ, ಈಗಿನ 12, ಕಲ್ಯಾಣದ ಕಡೆಯ 15. ಮೂರರ ಮಗ್ಗಿ ಪ್ಲಾಟ್‌ಫಾರಂ ಮೇಲೇ ನಿಂತಿರುತ್ತದೆ.

ಹಾಗಾದರೆ ಮಗ್ಗಿ ಬೇಡವೇ? ಬೇಕು. ಭಾಗಾಕಾರ, ಭಿನ್ನರಾಶಿಗಳ ನಡುವೆ ಏಳೆಂಟ್ಲ ಎಷ್ಟೆಂದು ಹುಡುಕುತ್ತ ಕೂತರೆ ಲೆಕ್ಕದ ಎಳೆಯೇ ತಪ್ಪಿಹೋಗುತ್ತದೆ. ಅಜ್ಜಿ ಕನ್ನಡದಲ್ಲಿ ಹೇಳಿಸಲಿ, ಶಾಲೆ ಇಂಗ್ಲಿಷಿನಲ್ಲಿ, ಪಕ್ಕದ ಮನೆಯ ಗೆಳೆಯ ಮರಾಠಿಯಲ್ಲಿ ‘ಬೇ ಏಕೆ ಬೇ’ ಎನ್ನಲಿ. ಮಕ್ಕಳಿಗೆ ಗೊಂದಲವಾದೀತೆಂಬ ಅಪ್ಪ ಅಮ್ಮಂದಿರ ಭಯ ಸುಮ್ಮನೆ. ಮಗು 7×8 ಮರೆತರೆ ಬೈಯದೆ 7×7ರಿಂದ ಹತ್ತಿ ಬರಲು ಬಿಡಿ: 49, ಅದಕ್ಕೊಂದು ಏಳು. ಮನೆಯಿಂದ ಆಚೆ ಹಾಕಬೇಕಾದದ್ದು ಸ್ಟಾಪ್‌ವಾಚನ್ನು.

ಮುಂದಿನ ಸಲ ಡೆಮೊ ಕ್ಲಾಸಿಗೆ ಹೋದಾಗ 48×37ನ್ನು ಸಾಲು, ಚೌಕ ಬರೆದು ತೋರಿಸಿ ಎಂದು ಕೇಳಿ. ಫೀಸಿನ ಮಾತು ಆಮೇಲೆ ಆಡಿದರಾಯಿತು.