ಹುಣಸೂರು ಸೀಮೆಯ ಬ್ಯಾರನ್ನು ಮತ್ತು ಸೌದೆಯ ಲೆಕ್ಕ: ಒಂದು ವಿಮರ್ಶೆ

ಎಣ್ಣೆ ಅನಿಲಗಳ ಸಂಪತ್ತನ್ನು ನೆಚ್ಚಿದ ನಾಡುಗಳು ಶುದ್ಧ ಇಂಧನಕ್ಕೆ ತಿರುಗುವ ಬಗೆಯನ್ನು ಕುರಿತು ಇಂದು ವಿಪುಲವಾದ ಚರ್ಚೆ ನಡೆಯುತ್ತಿದೆ. ಅಲ್ಲಿಯ ತೊಡಕು ಉರಿಸುವ ವಸ್ತುವಿನದು ಮಾತ್ರವಲ್ಲ, ಅದರಿಂದ ದೊರೆಯುವ ವರಮಾನದ್ದೂ ಹೌದು. ನೆಲದೊಳಗೆ ಎಣ್ಣೆಯಿಲ್ಲದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿಯೂ ಇದೇ ತೊಡಕು ಬೇರೊಂದು ರೂಪದಲ್ಲಿ ಕಾಣುತ್ತದೆ. ಇಲ್ಲಿ ಉರಿಯುವುದು ಸೌದೆ. ವರಮಾನವನ್ನು ತರುವುದು ವರ್ಜೀನಿಯಾ ಹೊಗೆಸೊಪ್ಪು.

ಕೊಯ್ದ ಎಲೆಯನ್ನು ಕೋಲುಗಳಿಗೆ ಕಟ್ಟಿ ಬ್ಯಾರನ್ನಿನಲ್ಲಿ ತೂಗುಹಾಕುತ್ತಾರೆ. ಒಲೆಯ ಕಾವು ತಗಡಿನ ಕೊಳವೆಗಳಲ್ಲಿ ಹರಿದು, ಹೊಗೆ ಸೋಕದಂತೆ, ಸುಮಾರು 5-6 ದಿನ ಹಗಲಿರುಳು ಎಲೆಯನ್ನು ಹದಗೊಳಿಸುತ್ತದೆ. ಹದಗೊಂಡ ಒಂದು ಕಿಲೋ ಎಲೆಗೆ 4ರಿಂದ 5 ಕಿಲೋ ಸೌದೆ ಎಂಬುದು ಸಾಮಾನ್ಯವಾದ ಲೆಕ್ಕ. ಇದನ್ನು ತಗ್ಗಿಸುವುದಕ್ಕಾಗಿ ಸುಧಾರಿತ ಒಲೆ, ಕಾವು ಸೋರದಂತೆ ತಡೆಯುವ ಹೊದಿಕೆ, ಕಾಫಿ ಹೊಟ್ಟು ಮೊದಲಾದುವು ಸೂಚಿತವಾಗಿವೆ. ಇವುಗಳ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಕಾಡಿನಂಚಿನ ಈ ಸೀಮೆಯಲ್ಲಿ ಉಳಿದ ಪ್ರತಿಯೊಂದು ಹೊರೆ ಸೌದೆಯೂ ಲಾಭವೇ.

ಆದರೆ ಕಿಲೋ ಒಂದಕ್ಕೆ ಇಷ್ಟು ಎಂಬ ಲೆಕ್ಕವನ್ನೇ ಪರಮ ಪ್ರಮಾಣವೆಂದು ಗ್ರಹಿಸುವ ವಾದಸರಣಿ ನಮಗೆ ಸಮ್ಮತವಲ್ಲ. ಸೌದೆಯಲ್ಲಿ ಕಾಲುಭಾಗ ಉಳಿಸಿ, ಬೆಳೆಯನ್ನು ಮೂರರಲ್ಲೊಂದು ಪಾಲು ಹೆಚ್ಚಿಸಿದರೆ, ಒಲೆಗೆ ಬೀಳುವ ಮರದ ಮೊತ್ತ ಮೊದಲಿನಷ್ಟೇ ಆಗುತ್ತದೆ. ಎರಡನೆಯದಾಗಿ, 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯ ವ್ಯವಸ್ಥೆಯಲ್ಲಿ ಬೆಳೆಗಾರನಿಗೆ ನೋಂದಣಿಯೂ ಬ್ಯಾರನ್ನಿಗೆ ಪರವಾನಗಿಯೂ ಅಗತ್ಯ. ಆದಕಾರಣ ಬ್ಯಾರನ್ನು ಕೇವಲ ಒಲೆಯಲ್ಲ. ಅದು ರೈತನಿಗೆ ಹರಾಜು ಮಾರುಕಟ್ಟೆಯ ಬಾಗಿಲು. ಸಾಲಮಾಡಿ ಅದನ್ನು ಸುಧಾರಿಸಿದವನು, ಆ ಸಾಲ ತೀರುವವರೆಗಾದರೂ, ಹೊಗೆಸೊಪ್ಪನ್ನು ಬಿಡಲಾರನು. ಶುದ್ಧೀಕರಣದ ಉಪಾಯವೇ ಬಂಧನವಾಗುವ ವೈಪರೀತ್ಯವಿದು.

ಭಾರತವು 2004ರಲ್ಲಿ ಅನುಮೋದಿಸಿದ, 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯಲ್ಲಿ 17ನೆಯ ವಿಧಿಯು ಬೆಳೆಗಾರರ ಪರ್ಯಾಯ ಜೀವನೋಪಾಯವನ್ನೂ, 18ನೆಯ ವಿಧಿಯು ಪರಿಸರದ ರಕ್ಷಣೆಯನ್ನೂ ಹೇಳುತ್ತವೆ. ಇವೆರಡನ್ನೂ ಪ್ರತ್ಯೇಕವಾಗಿ ಓದುವುದೇ ದೋಷದ ಮೂಲವೆಂದು ನಮ್ಮ ಅಭಿಪ್ರಾಯ. ಹದಿನೆಂಟನೆಯದನ್ನು ಮಾತ್ರ ಹಿಡಿದವರು ಒಲೆಯನ್ನು ತಿದ್ದಿ ಬೆಳೆಯನ್ನು ಹಾಗೆಯೇ ಬಿಡುತ್ತಾರೆ; ಹದಿನೇಳನೆಯದನ್ನು ಮಾತ್ರ ಹಿಡಿದವರು ಬೆಳೆಯನ್ನು ಬಿಡೆಂದು ಉಪದೇಶಿಸಿ, ಬ್ಯಾರನ್ನಿನಲ್ಲಿ ಹುದುಗಿರುವ ಸಾಲವನ್ನು ಮರೆಯುತ್ತಾರೆ.

ಆದುದರಿಂದ ಬ್ಯಾರನ್ನಿಗೆ ನೀಡುವ ಯಾವುದೇ ನೆರವನ್ನು ಎರಡು ಪ್ರಶ್ನೆಗಳಿಂದ ಪರೀಕ್ಷಿಸತಕ್ಕದ್ದು: ಸೀಮೆಯಲ್ಲಿ ಉರಿಯುವ ಸೌದೆಯ ಒಟ್ಟು ಮೊತ್ತ ಇದರಿಂದ ತಗ್ಗುವುದೇ? ನಾಳೆ ಬೇರೆ ಬೆಳೆಗೆ ತಿರುಗಬಯಸುವ ರೈತನಿಗೆ ಇದರಿಂದ ದಾರಿ ತೆರೆಯುವುದೇ, ಮುಚ್ಚುವುದೇ? ಪರ್ಯಾಯ ಬೆಳೆಗೂ ನೆಚ್ಚತಕ್ಕ ಮಾರುಕಟ್ಟೆಯನ್ನು ಒದಗಿಸದೆ ಎರಡನೆಯ ಪ್ರಶ್ನೆಗೆ ಸದುತ್ತರ ದೊರೆಯದು. ಎಣ್ಣೆಯ ನಾಡುಗಳಿಗೂ ಈ ಮಾತು ಅನ್ವಯಿಸುತ್ತದೆ: ವರಮಾನದ ದಾರಿಯನ್ನು ಬದಲಿಸದೆ ಉರುವಲನ್ನು ಮಾತ್ರ ಬದಲಿಸುವುದು ಅರ್ಧ ಕಾರ್ಯವೇ ಸರಿ.