ಮೇಜಿನ ಮೇಲಿನ ಹಾರ್ನೆಟ್

ಬ್ಯಾಟರಿ ಆನ್. ಎಪಿಯು ಆನ್. ಎಂಜಿನ್ ಕ್ರ್ಯಾಂಕ್ ಸ್ವಿಚ್ಚು ಬಲಕ್ಕೆ. ಸುತ್ತು ಸಾಕಷ್ಟು ಏರಿದ ಮೇಲೆ ಬಲಗಡೆಯ ಥ್ರಾಟಲ್ಲನ್ನು ಐಡಲ್‌ಗೆ ತಂದರೆ, ಸ್ಪೀಕರಿನಲ್ಲಿ ಸಣ್ಣಗೆ ಶುರುವಾದ ಕೊರಗು ನಿಧಾನಕ್ಕೆ ದನಿ ಏರಿಸಿಕೊಳ್ಳುತ್ತದೆ. ಆಮೇಲೆ ಇದೇ ವಿಧಿ ಎಡ ಎಂಜಿನ್ನಿಗೆ. ನ್ಯಾವಿಗೇಶನ್ ವ್ಯವಸ್ಥೆ ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುವವರೆಗೆ ಕಾಯಬೇಕು. ಇಷ್ಟಾದರೂ ವಿಮಾನ ನಿಂತಲ್ಲೇ ಇರುತ್ತದೆ. ಡಿಸಿಎಸ್ ವರ್ಲ್ಡ್ ಎಂಬ ವಿಮಾನ ಸಿಮ್ಯುಲೇಟರಿನ ಎಫ್/ಎ-18ಸಿ ಹಾರ್ನೆಟ್ ಯುದ್ಧವಿಮಾನವನ್ನು ಗೇಮ್ ಎಂದುಕೊಂಡು ಬಂದವರ ಉತ್ಸಾಹ ಇಳಿಯುವುದು ಇಲ್ಲಿ. ಉಳಿದವರು ಅಂಟಿಕೊಳ್ಳುವುದೂ ಇದೇ ಕಾರಣಕ್ಕೆ.

ಈಗಲ್ ಡೈನಮಿಕ್ಸ್ ಕಂಪನಿ ಈ ಹಾರ್ನೆಟ್ಟನ್ನು ಮಾರಾಟಕ್ಕಿಟ್ಟದ್ದು 2018ರಲ್ಲಿ. ಅಮೆರಿಕದ ನೌಕಾಪಡೆ ತನ್ನ ಹಳೆಯ ಹಾರ್ನೆಟ್‌ಗಳನ್ನು ಮುಂಚೂಣಿಯಿಂದ ಹಿಂದಕ್ಕೆ ಸರಿಸುತ್ತಿದ್ದ ಹೊತ್ತದು. ಡಿಸಿಎಸ್ ವರ್ಲ್ಡ್ ಉಚಿತ. ಅದರೊಳಗಿನ ಬಹುತೇಕ ವಿಮಾನಗಳಿಗೆ ಬೇರೆ ಬೇರೆ ದುಡ್ಡು. ಹಾರ್ನೆಟ್ಟಿನ ಪೂರ್ಣ ಬೆಲೆ ಸುಮಾರು 80 ಡಾಲರ್. ಕಂಪನಿಯ ಹಿನ್ನೆಲೆ ಹಗುರವಾದುದಲ್ಲ. ಇದರ ಎ-10ಸಿ ವಿಮಾನ, ಅಮೆರಿಕದ ಏರ್ ನ್ಯಾಷನಲ್ ಗಾರ್ಡಿಗಾಗಿ ತಯಾರಿಸಿದ ತರಬೇತಿ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಹಾಗಾಗಿ ಮನೆಯಲ್ಲಿ ಕುಳಿತು ಯುದ್ಧವಿಮಾನ ಹಾರಿಸಲು ನಿಜಕ್ಕೂ ಕಲಿಯಬಹುದೇ ಎಂಬ ಪ್ರಶ್ನೆಯನ್ನು ಇದರ ಮುಂದಿಡುವುದು ಅನ್ಯಾಯವೇನಲ್ಲ.

ಮೊದಲು ಕೈಬೆರಳುಗಳ ವಿಷಯ. ಹಾರ್ನೆಟ್ಟಿನ ಸ್ಟಿಕ್ ಮೇಲೆ ಹೆಬ್ಬೆರಳಿಗೆ ಸಿಗುವ ಒಂದು ಸ್ವಿಚ್ಚಿದೆ. ಅದನ್ನು ನಾಲ್ಕು ದಿಕ್ಕಿಗೂ ತಳ್ಳಬಹುದು, ಒತ್ತಲೂಬಹುದು. ವಿಮಾನ ಆಕಾಶಯುದ್ಧದ ಮೋಡ್‌ನಲ್ಲಿದ್ದರೆ ಅದಕ್ಕೆ ಒಂದರ್ಥ, ನೆಲದ ಗುರಿಯ ಮೋಡ್‌ನಲ್ಲಿದ್ದರೆ ಇನ್ನೊಂದು. ಒಂದೇ ಪದ ವಾಕ್ಯ ಬದಲಾದಂತೆ ಅರ್ಥ ಬದಲಿಸಿದ ಹಾಗೆ. ಕಲಿಯುವವರು ಮೊದಲ ಒಂದೆರಡು ತಿಂಗಳು ಇದರಲ್ಲೇ ತಡಕಾಡುತ್ತಾರೆ. ಆಮೇಲೊಂದು ದಿನ ಕಣ್ಣು ರೇಡಾರಿನ ಮೇಲಿರುವಾಗಲೇ ಬೆರಳು ತಾನಾಗಿ ಸರಿಯಾದ ಕಡೆ ಹೋಗಿರುತ್ತದೆ. ಕಾಕ್‌ಪಿಟ್ಟನ್ನು ಒಂದು ಕಚೇರಿ ಎಂದುಕೊಂಡರೆ, ಅಲ್ಲಿನ ಗುಮಾಸ್ತಿಕೆಯನ್ನು ಈ ತಂತ್ರಾಂಶದಷ್ಟು ಚೆನ್ನಾಗಿ ಕಲಿಸುವ ಸಾಧನ ಸಾಮಾನ್ಯರ ಕೈಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಆದರೆ ಅದನ್ನು ಕಲಿಸುವುದು ತಂತ್ರಾಂಶದೊಳಗಿನ ಪಾಠಗಳಲ್ಲ. ಆ ಪಾಠಗಳು ಇದನ್ನು ಒತ್ತು, ಈಗ ಸ್ಪೇಸ್‌ಬಾರ್ ತಟ್ಟು, ಅದನ್ನು ತಿರುಗಿಸು ಎನ್ನುತ್ತ ಹೋಗುತ್ತವೆ. ಯಾವ ಸ್ವಿಚ್ಚೆಂದು ಪರದೆಯೇ ತೋರಿಸಿಕೊಡುತ್ತದೆ. ಕಲಿಯುವವನು ಗುರುತಿನ ಹಿಂದೆ ಹೋಗುತ್ತಾನೆ, ಏಕೆ ಎಂದು ಕೇಳುವುದಿಲ್ಲ. ಮಗ್ಗಿಯನ್ನು ಗಟ್ಟಿ ಮಾಡಿದ ಹುಡುಗ ಗುಣಾಕಾರವೆಂದರೇನೆಂದು ಕೇಳಿದರೆ ತಬ್ಬಿಬ್ಬಾಗುವ ಹಾಗೆ, ಮರುದಿನ ಗುರುತು ತೋರಿಸದ ಕಾಕ್‌ಪಿಟ್ಟಿನಲ್ಲಿ ಇವನೂ ತಬ್ಬಿಬ್ಬು. ನಿಜವಾದ ಮೇಷ್ಟ್ರುಗಳೆಂದರೆ ಹವ್ಯಾಸಿಗಳೇ ಬರೆದಿರುವ ನೂರಾರು ಪುಟದ ಚಿತ್ರಸಹಿತ ಕೈಪಿಡಿಗಳು ಮತ್ತು ರಾತ್ರಿ ಹೊತ್ತು ಹೆಡ್‌ಫೋನಿನಲ್ಲಿ ತಾಳ್ಮೆಯಿಂದ ತಿದ್ದುವ ಹಳಬರು. ಇಂಥ ದುಬಾರಿ ಸರಕಿಗೆ ಇದು ದೊಡ್ಡ ಕೊರತೆ.

ಹಾರ್ನೆಟ್ಟಿನ ಜೀವ ಇರುವುದು ವಿಮಾನವಾಹಕ ನೌಕೆಯ ಮೇಲೆ ಇಳಿಯುವುದರಲ್ಲಿ. ಈ ಸಿಮ್ಯುಲೇಟರಿನ ಜೀವವೂ ಅಲ್ಲೇ. ಹಗಲಿನ ಶುಭ್ರ ಹವೆಯಲ್ಲಿ ವಿಮಾನ 800 ಅಡಿ ಎತ್ತರದಲ್ಲಿ ನೌಕೆಯ ಬಲಬದಿಯಿಂದ ಹಾದು, ಎಡಕ್ಕೆ ತಿರುಗಿ, 600 ಅಡಿಗೆ ಇಳಿದು, ಎದುರು ದಿಕ್ಕಿನಲ್ಲಿ ಹಿಂದಕ್ಕೆ ಬಂದು, ಇನ್ನೊಂದು ತಿರುವಿನಲ್ಲಿ ನೌಕೆಯ ಬೆನ್ನು ಹಿಡಿಯುತ್ತದೆ. ರೆಕ್ಕೆ ಸಮವಾದ ಮೇಲೆ ಡೆಕ್ ಮುಟ್ಟುವವರೆಗೆ ಉಳಿಯುವುದು 15ರಿಂದ 18 ಸೆಕೆಂಡು. ನೌಕೆಯ ಅಂಚಿನಲ್ಲಿ ಉರಿಯುವ ಬೆಳಕಿನ ಚೆಂಡು ಹಸಿರು ಸಾಲಿನ ನಡುವೆ ನಿಂತಿದ್ದರೆ ಎತ್ತರ ಸರಿ. ಮೇಲಿದ್ದರೆ ವಿಮಾನ ಮೇಲಿದೆ, ಕೆಳಗಿದ್ದರೆ ಅಪಾಯ.

ಇಲ್ಲಿ ಸಹಜಬುದ್ಧಿ ಕೈಕೊಡುತ್ತದೆ. ವಿಮಾನ ಕೆಳಗಿಳಿಯುತ್ತಿದೆ ಎಂದರೆ ಯಾರಾದರೂ ಸ್ಟಿಕ್ ಎಳೆಯುತ್ತಾರೆ. ಆದರೆ ಹಾರ್ನೆಟ್ ಗಾಳಿಗೆ ಎದೆ ಕೊಟ್ಟ ಕೋನವನ್ನು, ಅಂದರೆ 8.1 ಡಿಗ್ರಿಯನ್ನು, ಹಿಡಿದಿಟ್ಟುಕೊಂಡೇ ಇಳಿಯಬೇಕು. ಹಾಗಾಗಿ ಎತ್ತರವನ್ನು ತಿದ್ದುವುದು ಎಡಗೈ, ಥ್ರಾಟಲ್ಲಿನಿಂದ. ಒಮ್ಮೆ ಹೆಚ್ಚಿಸಿದರೆ ಸಾಲದು: ಹೆಚ್ಚಿಸಿ, ತುಸು ಇಳಿಸಿ, ಮತ್ತೆ ಒಂದಿಷ್ಟು ಕೊಟ್ಟು ನಿಲ್ಲಿಸಬೇಕು. ಒಗ್ಗರಣೆಗೆ ಉರಿ ಹದ ಮಾಡುವಂತೆ ಎಡಗೈ ಬಿಡುವಿಲ್ಲದೆ ಆಡುತ್ತಿರಬೇಕು. ಇದರ ಜತೆಗೆ ಓಡುದಾರಿ ನೌಕೆಯ ಉದ್ದಕ್ಕೆ ನೇರವಾಗಿಲ್ಲ, ಎಡಕ್ಕೆ ಓರೆಯಾಗಿದೆ. ನೌಕೆ ಮುಂದೆ ಸಾಗಿದಂತೆ ಇಳಿಯುವ ಜಾಗವೇ ಬಲಕ್ಕೆ ಜಾರುತ್ತದೆ. ಚಕ್ರ ಡೆಕ್ ಮುಟ್ಟಿದ ಕ್ಷಣ ಬ್ರೇಕ್ ಹಾಕುವುದಲ್ಲ, ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡಬೇಕು. ಕೊಕ್ಕೆ ನಾಲ್ಕು ತಂತಿಗಳಲ್ಲಿ ಯಾವುದಕ್ಕೂ ಸಿಗದಿದ್ದರೆ ಮತ್ತೆ ಹಾರಿಹೋಗಲು ಬೇಕಾದ ವೇಗ ಉಳಿಯುವುದು ಹಾಗೆ ಮಾತ್ರ. ಇದಿಷ್ಟನ್ನೂ ಡಿಸಿಎಸ್ ಕರಾರುವಾಕ್ಕಾಗಿ ನಡೆಸಿಕೊಡುತ್ತದೆ. ಇಪ್ಪತ್ತು ಸಲ ಸಮುದ್ರಕ್ಕೆ ಬಿದ್ದವನು ಇಪ್ಪತ್ತೊಂದನೆಯ ಸಲ ಮೂರನೆಯ ತಂತಿ ಹಿಡಿದರೆ ಅದು ಅದೃಷ್ಟವಲ್ಲ. ಕಣ್ಣಿಗೂ ಎಡಗೈಗೂ ನಡುವೆ ಹೊಸದೊಂದು ದಾರಿ ಬಿದ್ದಿರುತ್ತದೆ.

ದೇಹದ ಮಾತು ಬಂದಾಗ ಈ ಸಿಮ್ಯುಲೇಟರ್ ಸುಳ್ಳು ಹೇಳುತ್ತದೆ.

ತಲೆ, ಹೆಲ್ಮೆಟ್ ಸೇರಿ ಏಳು ಕೆ.ಜಿ. ಎಂದುಕೊಂಡರೆ, ಗುರುತ್ವದ ಏಳು ಪಟ್ಟು ಬಲ ಬೀಳುವ ತಿರುವಿನಲ್ಲಿ ಕುತ್ತಿಗೆ ಸುಮಾರು 50 ಕೆ.ಜಿ. ಹೊರಬೇಕು. ಅದೇ ಹೊತ್ತಿಗೆ ಹಿಂದಕ್ಕೆ ತಿರುಗಿ ಶತ್ರುವನ್ನು ಹುಡುಕಲೂ ಬೇಕು. ಮನೆಯಲ್ಲಿ, ತಲೆಯ ಚಲನೆ ಗುರುತಿಸುವ ಟ್ರ್ಯಾಕ್‌ಐಆರ್ ಹಾಕಿಕೊಂಡವನು ತಲೆಯನ್ನು ಒಂದಿಷ್ಟು ಅಲುಗಿಸಿದರೆ ಸಾಕು, ಪರದೆಯ ನೋಟ ಬೆನ್ನ ಹಿಂದಕ್ಕೆ ಹೋಗುತ್ತದೆ. ರಕ್ತ ಕಾಲಿಗಿಳಿದು ಕಣ್ಣು ಕತ್ತಲೆಗಟ್ಟುವುದು ಇಲ್ಲಿ ಪರದೆಯ ಅಂಚು ಕಪ್ಪಾಗುವ ಒಂದು ಚಿತ್ರ ಮಾತ್ರ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ವಾಯುಪಡೆಯ ಪೈಲಟ್‌ಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ಗಿರಗಿರನೆ ತಿರುಗಿಸುವುದು, ಹೊಟ್ಟೆ ತೊಡೆ ಬಿಗಿಹಿಡಿದು ಉಸಿರಾಡುವ ವರಸೆ ಕಲಿಸುವುದು ಈ ಒಂದು ಅನುಭವಕ್ಕಾಗಿ. ಅದಕ್ಕೆ ಮೇಜಿನ ಮೇಲೆ ಪರ್ಯಾಯವಿಲ್ಲ. ಹಾಗಾಗಿಯೇ ಮನೆಯ ಪೈಲಟ್‌ಗಳ ಆಕಾಶಯುದ್ಧಗಳು ನಂಬಲಾಗದಷ್ಟು ಹೊತ್ತು ನಡೆಯುತ್ತವೆ. ಅಲ್ಲಿ ಯಾರಿಗೂ ದಣಿವಾಗುವುದಿಲ್ಲ.

ಹಾಗಂತ ಅಲುಗಾಡುವ ಕುರ್ಚಿಯೇ ಸಿಮ್ಯುಲೇಟರಿನ ಬೆಲೆ ತೀರ್ಮಾನಿಸುತ್ತದೆಂದಲ್ಲ. ಎಡ್ವಿನ್ ಲಿಂಕ್ 1929ರಲ್ಲಿ ತನ್ನ ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ ಕಟ್ಟಿದ ತರಬೇತಿ ಪೆಟ್ಟಿಗೆ ವಾಲುತ್ತಿತ್ತು, ತಿರುಗುತ್ತಿತ್ತು; ಆದರೂ ಬಹುಕಾಲ ಅದನ್ನು ಜಾತ್ರೆಯ ಆಟಿಕೆಯಂತೆ ಕಂಡರು. ಅಮೆರಿಕದ ಸೈನ್ಯ 1934ರಲ್ಲಿ ಆರು ಪೆಟ್ಟಿಗೆ ಕೊಂಡದ್ದು, ಅಂಚೆ ಹೊತ್ತ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಲಾಗಿ ಸತ್ತ ಮೇಲೆ. ಆಗ ಬೇಕಾಗಿದ್ದದ್ದು ಮೈಯ ಅನಿಸಿಕೆಯನ್ನು ನಂಬದೆ ಮುಳ್ಳುಗಳನ್ನು ನಂಬುವ ಅಭ್ಯಾಸ. ಆ ಪರಂಪರೆಯಲ್ಲಿ ಡಿಸಿಎಸ್ ನ್ಯಾಯವಾದ ಉತ್ತರಾಧಿಕಾರಿ.

ಇನ್ನೊಂದು ಹೋಲಿಕೆಯಲ್ಲಿ ಅದು ಸೋಲುತ್ತದೆ. 1998ರಲ್ಲಿ ಮೈಕ್ರೋಪ್ರೋಸ್ ತಂದ ಫಾಲ್ಕನ್ 4.0 ಎಂಬ ಸಿಮ್ಯುಲೇಟರ್ ದೋಷಗಳ ಮೂಟೆಯಾಗಿತ್ತು. ಆದರೆ ಅದರ ಕೊರಿಯಾ ಯುದ್ಧ ಆಟಗಾರನಿಗಾಗಿ ಕಾಯುತ್ತಿರಲಿಲ್ಲ. ಅವನು ಹಾರಲಿ ಬಿಡಲಿ, ಟ್ಯಾಂಕುಗಳು ಸಾಗುತ್ತಿದ್ದವು, ಸೇತುವೆಗಳು ಬೀಳುತ್ತಿದ್ದವು. ಡಿಸಿಎಸ್ ಅಂಥದ್ದನ್ನು ವರ್ಷಗಟ್ಟಲೆಯಿಂದ ಭರವಸೆಯಲ್ಲೇ ಇಟ್ಟಿದೆ. ಹೀಗಾಗಿ ಹಾರ್ನೆಟ್ ಕಲಿತವನ ಮುಂದೆ ಅದ್ಭುತವಾದೊಂದು ಕಾಕ್‌ಪಿಟ್ ಇರುತ್ತದೆ, ಹೊರಗೆ ಬೊಂಬೆಯಾಟದಂತೆ ಬರೆದಿಟ್ಟ ಯುದ್ಧ. ಅರೆಬರೆ ವಿಮಾನವನ್ನು ಮೊದಲೇ ಮಾರಿ, ರೇಡಾರಿನ ಬಗೆಗಳನ್ನೂ ಆಯುಧಗಳನ್ನೂ ಕಂತಿನಲ್ಲಿ ಸೇರಿಸುತ್ತ ಬಂದ ವ್ಯಾಪಾರದ ರೀತಿಯೂ ಕಲಿಯುವವನಿಗೆ ಕಿರಿಕಿರಿ: ಕಲಿತ ಕ್ರಮವೇ ಮುಂದಿನ ಅಪ್‌ಡೇಟಿನಲ್ಲಿ ಬದಲಾಗಿರುತ್ತದೆ.

ಕಾರವಾರದ ನೌಕಾನೆಲೆಯಲ್ಲಿ ನೆಲೆನಿಂತಿರುವ ಐಎನ್‌ಎಸ್ ವಿಕ್ರಮಾದಿತ್ಯದಂಥ ನೌಕೆಯ ಮೇಲೆ ಇಳಿಯಬೇಕೆಂಬ ಆಸೆ ಕನ್ನಡದ ಹವ್ಯಾಸಿಗೆ ಬಂದರೆ ಸಹಜ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನ ನೌಕಾ ಮಾದರಿ 2020ರ ಜನವರಿ 11ರಂದು ತಂತಿ ಹಿಡಿದು ಇಳಿದದ್ದು ಅದೇ ಡೆಕ್ ಮೇಲೆ. ಡಿಸಿಎಸ್‌ನಲ್ಲಿ ಅದಕ್ಕೆ ಹತ್ತಿರದ್ದೆಂದರೆ ಮೂತಿ ಮೇಲೆತ್ತಿದ ಡೆಕ್ಕಿನ ರಷ್ಯನ್ ನೌಕೆ ಅಡ್ಮಿರಲ್ ಕುಜ್ನೆತ್ಸೊವ್. ಎರಡೂ ನೌಕೆಗಳು ಹುಟ್ಟಿದ್ದು ಒಂದೇ ಹಡಗುಕಟ್ಟೆಯಲ್ಲಿ. ಕುಜ್ನೆತ್ಸೊವ್ ಮೇಲಿಂದ ಏರುವ ಸು-33 ವಿಮಾನವೂ ಡಿಸಿಎಸ್‌ನಲ್ಲಿದೆ. ಆದರೆ ಅದು ಹಳೆಯ ಸರಳ ಮಾದರಿಯದು. ಕಾಕ್‌ಪಿಟ್ಟಿನ ಸ್ವಿಚ್ಚುಗಳೆಲ್ಲ ಕಾಣುತ್ತವೆ, ಮೌಸಿನಿಂದ ಒಂದನ್ನೂ ಒತ್ತಲಾಗುವುದಿಲ್ಲ.